ಕೂಡಲಸಂಗಮದ ಎರೆನೆಲವೂ ಗಾಲಿಯ ಹಿಡಿತವೂ

ಕೂಡಲಸಂಗಮವನ್ನು ಕುರಿತು ಬರೆದವರಲ್ಲಿ ಬಹುಮಂದಿ ಅಲ್ಲಿಯ ನೀರನ್ನು ಕುರಿತು ಬರೆದಿದ್ದಾರೆ. ಅದು ಸಹಜವೇ ಸರಿ. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯೂ ಖಾನಾಪುರ ಸೀಮೆಯ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯೂ ಇಲ್ಲಿ ಕೂಡುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ವಿದ್ಯಾಭ್ಯಾಸ ಮಾಡಿದುದು ಇಲ್ಲಿ. ಕಲ್ಯಾಣದಿಂದ ಹಿಂದಿರುಗಿ ಬಂದು ಐಕ್ಯರಾದುದೂ ಇಲ್ಲಿಯೇ. ಅವರ ವಚನಗಳ ಅಂಕಿತದಲ್ಲಿ ಈ ಕ್ಷೇತ್ರದ ಹೆಸರು ನೆಲೆಗೊಂಡಿದೆ. ಚಾಲುಕ್ಯ ಶೈಲಿಯ ಸಂಗಮೇಶ್ವರ ದೇವಾಲಯ, ನೀರಿನ ನಡುವೆ ಕೋಟೆಯಂತೆ ಕಟ್ಟಿದ ದುಂಡುಗೋಡೆಯೊಳಗೆ ಮೆಟ್ಟಿಲಿಳಿದು ಕಾಣಬೇಕಾದ ಐಕ್ಯಲಿಂಗ, ಆಚೆಯ ದಡದ ತಂಗಡಗಿಯಲ್ಲಿರುವ ನೀಲಮ್ಮನವರ ಐಕ್ಯಸ್ಥಾನ—ಇವೆಲ್ಲವನ್ನೂ ವಾಚಕರು ಬಲ್ಲರು. ಆದರೆ ಯಾತ್ರಿಕನು ನೀರನ್ನು ಮುಟ್ಟುವುದಕ್ಕೆ ಮೊದಲು ನೆಲವನ್ನು ದಾಟಬೇಕು. ಆ ನೆಲವನ್ನು ಕುರಿತು, ಅದರಮೇಲೆ ಉರುಳುವ ಗಾಲಿಯನ್ನು ಕುರಿತು ನಾವು ಈ ಸಲ ನಾಲ್ಕು ಮಾತು ಬರೆಯುವೆವು.

ಇದಕ್ಕೆ ಕಾರಣವುಂಟು. ಹಿಂದೆ ಯಾತ್ರೆಗೆ ಬರುವವರು ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಆಮೇಲೆ ಬಸ್ಸಿನಲ್ಲಿ ಬಂದರು. ಈಗ ಅನೇಕ ಕುಟುಂಬಗಳು ಸ್ವಂತ ಮೋಟಾರಿನಲ್ಲಿ ಬರುತ್ತವೆ. ಹಿಂದಿನ ಪೀಠದಲ್ಲಿ ವೃದ್ಧರೂ ಮಕ್ಕಳೂ ಇರುವರು. ನಡೆಸುವಾತನು ವರ್ಷವಿಡೀ ಪಟ್ಟಣದ ಡಾಂಬರು ಬೀದಿಯನ್ನು ಮಾತ್ರ ಕಂಡವನು. ದರ್ಶನವಾದಮೇಲೆ ಸಮೀಪದ ಹಳ್ಳಿಯ ಬಂಧುಗಳ ಮನೆಗೋ ಹೊಲಕ್ಕೋ ಹೋಗಬೇಕೆಂಬ ಆಸೆ ಹುಟ್ಟುತ್ತದೆ; ಅಲ್ಲಿಂದ ಮುಂದೆ ಎರೆದಾರಿ. ವರ್ಷಕ್ಕೊಮ್ಮೆಯೋ ಎರಡು ಸಲವೋ ಇಂತಹ ದಾರಿಗೆ ಇಳಿಯುವವರು, ಗಾಲಿಗೆ ಸುತ್ತುವ ಸರಪಣಿಯನ್ನು ಕೊಳ್ಳಬೇಕೇ, ಕೆಳಗೆ ಹಾಸುವ ಹಲಗೆಯನ್ನು ಕೊಳ್ಳಬೇಕೇ ಎಂದು ನಮ್ಮನ್ನು ಕೇಳುವುದುಂಟು. ಹಿಮ ಬೀಳುವ ದೇಶಗಳಲ್ಲಿ ನೆಲಸಿರುವ ನಮ್ಮ ಮಕ್ಕಳೂ ಇದೇ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಕೇಳುತ್ತಾರೆ. ಎರಡಕ್ಕೂ ಉತ್ತರದ ಮೂಲ ಒಂದೇ. ಅದನ್ನು ಕಲಿಯಲು ಹುನಗುಂದ ಸೀಮೆಗಿಂತ ಒಳ್ಳೆಯ ಪಾಠಶಾಲೆ ನಮಗೆ ಕಾಣದು.

ದಕ್ಷಿಣದಿಂದ ಬರುವವರು ಚಿತ್ರದುರ್ಗ, ಹೊಸಪೇಟೆಗಳನ್ನು ದಾಟಿ ವಿಜಯಪುರ, ಸೊಲ್ಲಾಪುರಗಳತ್ತ ಹೋಗುವ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿಯುವರು. ಹಿಂದೆ ಇದಕ್ಕೆ ೧೩ನೆಯ ಸಂಖ್ಯೆಯಿತ್ತು, ಈಗ ೫೦ನೆಯದು. ಇಳಕಲ್ಲಿನ ಸುತ್ತಮುತ್ತ ಕೆಂಪು ಬೆಣಚುಕಲ್ಲಿನ ಗಣಿಗಳು ಕಾಣುತ್ತವೆ. ಸೀರೆಯಿಂದ ಹೆಸರಾದ ಆ ಊರು ಕಲ್ಲಿನಿಂದಲೂ ಹೆಸರಾಗಿದೆ. ಅಲ್ಲಲ್ಲಿ ನೆಲವು ಮಸಾರಿ, ಎಂದರೆ ಮರಳು ಬೆರೆತ ಕೆಂಪುನೆಲ. ಅದರಮೇಲೆ ಬಿದ್ದ ಮಳೆ ಬೇಗನೆ ಇಂಗಿಹೋಗುತ್ತದೆ. ಮಳೆ ನಿಂತು ಸ್ವಲ್ಪ ಹೊತ್ತಾದರೆ ಮಕ್ಕಳು ಹೊರಗೆ ಬಂದು ಆಡಬಹುದು. ಹುನಗುಂದವನ್ನು ದಾಟಿ ಮುಂದೆ ಬರುತ್ತಿರುವಾಗ ಬಣ್ಣವು ಬದಲಾಗಿ ಎರಡು ಬದಿಗೂ ಕಪ್ಪುನೆಲ ಹರಡಿಕೊಳ್ಳುತ್ತದೆ. ಕಣ್ಣಿಗೆ ಇದು ಬಣ್ಣದ ಭೇದ ಮಾತ್ರ. ಗಾಲಿಗಾದರೋ ದೇಶವೇ ಬದಲಾದಂತೆ. ಬಾಗಲಕೋಟೆಯಿಂದ ಸುಮಾರು ೪೫ ಕಿಲೋಮೀಟರು ಪಯಣಿಸಿ ಬರುವವರಿಗೂ ಎರೆಹೊಲಗಳ ಜೊತೆ ತಪ್ಪುವುದಿಲ್ಲ. ಕ್ಷೇತ್ರದವರೆಗೆ ಒಳ್ಳೆಯ ಡಾಂಬರು ರಸ್ತೆಯಿದೆ. ನಾವು ಹೇಳಹೊರಟಿರುವುದು ಆ ರಸ್ತೆಯ ಅಂಚನ್ನು ಬಿಟ್ಟು ಕೆಳಗಿಳಿದಮೇಲಿನ ಮಾತು.

ಎರೆಮಣ್ಣಿನ ಗುಣವನ್ನು ಮೊದಲು ತಿಳಿಯಬೇಕು. ಅದರ ಬಹುಭಾಗ ಜೇಡಿಯ ಕಣ. ಅಂತಹ ಒಂದು ಕಣವು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ಈ ಕಣಗಳಲ್ಲಿ ಸ್ಮೆಕ್ಟೈಟು ಎಂಬ ಜಾತಿಯ ಖನಿಜವು ಹೆಚ್ಚಾಗಿರುತ್ತದೆ. ಅದರ ರಚನೆ ಪುಸ್ತಕದ ಹಾಳೆಗಳಂತೆ ಪದರ ಪದರ. ನೆನೆದ ಪುಸ್ತಕವು ಉಬ್ಬುವಂತೆ, ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಚೈತ್ರ ವೈಶಾಖಗಳಲ್ಲಿ ಇಲ್ಲಿಯ ಹೊಲದ ಬಿರುಕಿನೊಳಗೆ ಕೈಯನ್ನು ಮೊಣಕೈವರೆಗೆ ಇಳಿಸಬಹುದು. ಅದೇ ಹೊಲವು ಮಳೆಗಾಲದಲ್ಲಿ ಬಿರುಕುಗಳನ್ನು ಮುಚ್ಚಿಕೊಂಡು, ನೀರನ್ನು ಮೇಲೂ ಬಿಡದೆ ಕೆಳಗೂ ಬಿಡದೆ ಹಿಡಿದುಕೊಳ್ಳುತ್ತದೆ. ಒಕ್ಕಲಿಗನಿಗೆ ಇದು ವರ. ವರ್ಷಕ್ಕೆ ಐದಾರುನೂರು ಮಿಲಿಮೀಟರು ಮಳೆಯಾಗುವ ಸೀಮೆಯಲ್ಲಿ, ಹಿಂಗಾರಿಗೆ ಬಿತ್ತಿದ ಜೋಳ, ಕಡಲೆ, ಕುಸುಬೆಗಳು ಈ ನೆಲವು ಕೂಡಿಟ್ಟ ಪಸೆಯಿಂದಲೇ ಚಳಿಗಾಲವೆಲ್ಲ ಬದುಕಿ ಫಲ ಕೊಡುತ್ತವೆ. ಆದುದರಿಂದ ದಾರಿಯಲ್ಲಿ ಗಾಲಿ ಹೂತವರು ಈ ಮಣ್ಣನ್ನು ಶಪಿಸುವ ಮುನ್ನ, ಮಧ್ಯಾಹ್ನ ಎಲೆಯಮೇಲೆ ಬಡಿಸಿದ ರೊಟ್ಟಿಯು ಎಲ್ಲಿಯದೆಂಬುದನ್ನು ನೆನೆಯಬೇಕು.

ಈಗ ರೋಗಕ್ಕೆ ಬರೋಣ. ವೈದ್ಯನು ನಿದಾನ ಮಾಡದೆ ಚಿಕಿತ್ಸೆಗೆ ಕೈಹಾಕುವುದಿಲ್ಲ. ಗಾಲಿಗೆ ಕೆಸರಿನಲ್ಲಿ ಬರುವ ಬೇನೆ ಒಂದೇ ಎಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ಅವು ಎರಡು. ಒಂದು ಜಾರುವುದು, ಇನ್ನೊಂದು ಹೂಳುವುದು. ಹೊಸದಾಗಿ ಬಿದ್ದ ಸಣ್ಣ ಮಳೆಗೆ ಎರೆನೆಲದ ಮೇಲ್ಮೈ ಮಾತ್ರ ನೆನೆದು ಎಣ್ಣೆ ಸವರಿದಂತಾಗುತ್ತದೆ. ಎರಡು ಬೆರಳಿನ ಕೆಳಗೆ ನೆಲ ಗಟ್ಟಿಯಾಗಿಯೇ ಇರುತ್ತದೆ. ಆಗ ಗಾಲಿ ಹೂಳುವುದಿಲ್ಲ, ಜಾರುತ್ತದೆ. ನಾಲ್ಕಾರು ದಿನ ಮಳೆ ಹಿಡಿದರೆ ನೆಲವು ಆಳದವರೆಗೆ ನೆನೆಯುತ್ತದೆ. ಆಗ ಗಾಲಿ ಭಾರಕ್ಕೆ ಇಳಿಯುತ್ತದೆ. ಮಹಾಭಾರತದ ಕರ್ಣನಿಗೆ ಬಂದ ಕಷ್ಟವು ಈ ಎರಡನೆಯದು. ಅವನ ರಥಚಕ್ರವನ್ನು ಭೂಮಿ ನುಂಗಿತು. ಚಕ್ರಕ್ಕೆ ಸರಪಣಿ ಸುತ್ತಿದ್ದರೂ ಅವನಿಗೆ ಪ್ರಯೋಜನವಾಗುತ್ತಿರಲಿಲ್ಲ.

ಪರೀಕ್ಷೆ ಸುಲಭ. ದಾರಿಯಲ್ಲಿ ಸಂದೇಹ ಬಂದಲ್ಲಿ ಮೋಟಾರನ್ನು ಗಟ್ಟಿನೆಲದಲ್ಲಿಯೇ ನಿಲ್ಲಿಸಿ, ಇಳಿದು, ಹತ್ತು ಹೆಜ್ಜೆ ಮುಂದೆ ನಡೆದು ಊರುಗೋಲನ್ನು ಒತ್ತಿ ನೋಡಬೇಕು. ಎರಡು ಬೆರಳಿಗೆ ಕೋಲು ನಿಂತರೆ ಜಾರುವ ನೆಲ. ಗೇಣುದ್ದ ಇಳಿದರೆ ಹೂಳುವ ನೆಲ. ಕೋಲಿಲ್ಲದವರು ಹಿಮ್ಮಡಿಯಿಂದ ಮೆಟ್ಟಿ ನೋಡಬಹುದು. ಪಾದರಕ್ಷೆಗೆ ಮಣ್ಣು ಅಂಟಿ ಹೆಜ್ಜೆ ಹೆಜ್ಜೆಗೆ ತೂಕ ಹೆಚ್ಚುತ್ತ ಹೋದರೆ, ಟೈರಿನ ಗೀರುಗಳೂ ಅದೇ ರೀತಿ ತುಂಬಿಕೊಂಡು ನುಣ್ಣಗಾಗುವುವೆಂದು ತಿಳಿಯತಕ್ಕದ್ದು.

ಚಕ್ಕಡಿ ದಾಟುವ ದಾರಿಯಲ್ಲಿ ಮೋಟಾರು ಏಕೆ ಸಿಕ್ಕಿಬೀಳುತ್ತದೆ ಎಂಬ ಪ್ರಶ್ನೆಯನ್ನು ಶಾಲೆಯ ಹುಡುಗರು ಕೇಳಿದರೆ ನಮಗೆ ಬಹಳ ಸಂತೋಷವಾಗುತ್ತದೆ. ಚಕ್ಕಡಿಯ ಗಾಲಿ ತಾನಾಗಿ ಏನನ್ನೂ ಎಳೆಯುವುದಿಲ್ಲ, ಎಳೆಸಿಕೊಂಡು ಉರುಳುತ್ತದೆ. ನೆಲವನ್ನು ಹಿಡಿದು ಎಳೆಯುವುದು ಎತ್ತಿನ ಕಾಲು. ಎತ್ತಿನ ಗೊರಸು ಸೀಳಿದ್ದು. ಕೆಸರಿನಲ್ಲಿ ಊರಿದಾಗ ಅಗಲವಾಗಿ ಹರಡುತ್ತದೆ, ಎತ್ತುವಾಗ ಕೂಡಿಕೊಂಡು ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಹಿಡಿತಕ್ಕೂ ಬಿಡುಗಡೆಗೂ ಇಷ್ಟು ಚೆನ್ನಾಗಿ ಒದಗುವ ಉಪಕರಣವನ್ನು ಯಾವ ಕಾರಖಾನೆಯೂ ಮಾಡಿಲ್ಲ. ಕಬ್ಬಿಣದ ಪಟ್ಟಿ ಕಟ್ಟಿದ ಕಿರಿದಾದ ಎತ್ತರದ ಗಾಲಿಯು ಮೇಲಿನ ಕೆಸರನ್ನು ಕತ್ತರಿಸಿ ಕೆಳಗಿನ ಗಟ್ಟಿನೆಲವನ್ನು ಮುಟ್ಟುತ್ತದೆ. ಮೋಟಾರಿನಲ್ಲಿ ಎಳೆಯುವ ಕೆಲಸವೂ ಹೊರುವ ಕೆಲಸವೂ ಗಾಲಿಯ ಮೇಲೆಯೇ ಬಿದ್ದಿವೆ. ಅದು ನೆಲವನ್ನು ಹಿಂದಕ್ಕೆ ತಳ್ಳಿ ತಾನು ಮುಂದಕ್ಕೆ ಹೋಗಬೇಕು. ನೆಲವೇ ಜಾರಿದರೆ ಸುಮ್ಮನೆ ಸುತ್ತುತ್ತದೆ. ಸುತ್ತಿದಷ್ಟೂ ಮಣ್ಣನ್ನು ತೋಡಿ ತನ್ನ ಗುಂಡಿಯನ್ನು ತಾನೇ ಆಳಮಾಡಿಕೊಳ್ಳುತ್ತದೆ.

ಹಿಂಗಾರಿ ಮಳೆಯ ಕಾಲದಲ್ಲಿ ಸಂಗಮದ ಸಮೀಪದ ಒಂದು ಹೊಲದಾರಿಯಲ್ಲಿ ನಾವು ಕಂಡುದನ್ನು ಇಲ್ಲಿ ಹೇಳಬಹುದು. ಪಟ್ಟಣದಿಂದ ಬಂದ ಒಂದು ಕುಟುಂಬದ ಮೋಟಾರು ಮುಂದಿನ ಗಾಲಿಗಳನ್ನು ಅರ್ಧದವರೆಗೆ ಹೂತುಕೊಂಡು ನಿಂತಿತ್ತು. ತರುಣನು ಎಂಜಿನನ್ನು ಕೂಗಿಸುತ್ತಲೇ ಇದ್ದನು. ಕೆಸರು ಹಿಂದಕ್ಕೆ ಚಿಮ್ಮಿ, ಇಳಿದು ನಿಂತಿದ್ದ ಅವನ ತಾಯಿಯ ಸೀರೆಯೆಲ್ಲ ಕಪ್ಪಾಗಿತ್ತು. ಪಕ್ಕದ ಹೊಲದಿಂದ ಒಬ್ಬ ವೃದ್ಧ ರೈತನು ಬಂದು ಕೈ ಅಡ್ಡಮಾಡಿ, “ತಮ್ಮಾ, ಮದಲ ಅದನ್ನ ಬಂದ್ ಮಾಡು. ಅದು ಮುಂದ ಹೋಗೂದಿಲ್ಲ, ಕೆಳಗ ಹೊಂಟೈತಿ” ಎಂದನು. ಅನಂತರ ಸಲಿಕೆಯಿಂದ ಎರಡು ಗಾಲಿಗಳ ಮುಂದಿನ ಮಣ್ಣನ್ನು ಇಳಿಜಾರಾಗಿ ಕೆತ್ತಿ, ಬದುವಿನ ಚಪ್ಪಟೆ ಕಲ್ಲುಗಳನ್ನೂ ನಾಲ್ಕು ಬುಟ್ಟಿ ಗರಸನ್ನೂ ತುಂಬಿ, ಮೇಲೆ ಗೋಣಿತಟ್ಟುಗಳನ್ನು ಹಾಸಿದನು. ಟೈರಿನ ಗಾಳಿಯನ್ನು ಸ್ವಲ್ಪ ಬಿಡಿಸಿದನು. “ಈಗ ಸಾವಕಾಶ ಬಿಡು, ಎತ್ತಿಗೆ ಹೆಜ್ಜಿ ಕಲಿಸಿಧಾಂಗ” ಎಂದನು. ಮೋಟಾರು ಮೆಲ್ಲನೆ ಮೇಲೆದ್ದು ಗಟ್ಟಿನೆಲಕ್ಕೆ ಬಂದಿತು.

ತರುಣನು ಹಣ ಕೊಡಲು ಹೋದಾಗ ರೈತನು ಬೇರೊಂದನ್ನು ಕೇಳಿದನು. “ರೊಕ್ಕ ಇರ್ಲಿ. ಈ ಕುಣಿ ಮುಚ್ಚಿ ಹೋಗ್ರಿ. ಒಣಗಿತಂದ್ರ ಕಲ್ಲಾಗ್ತೈತಿ, ನಮ್ಮ ಎತ್ತಿನ ಕಾಲು ಮುರೀತೈತಿ” ಎಂಬುದು ಅವನ ಮಾತು. ನಮ್ಮ ಕಡೆಗೆ ತಿರುಗಿ, “ಹೌದಲ್ರೀ ಮಾಸ್ತರ?” ಎಂದನು. ಹೌದೆಂದೆವು. ಎರೆಯಲ್ಲಿ ಬಿದ್ದ ಗಾಲಿಯ ಹೊಂಡವು ಎರಡು ವಾರ ಬಿಸಿಲು ತಿಂದರೆ ಒರಳಿನಷ್ಟು ಗಟ್ಟಿಯಾಗುತ್ತದೆ. ಕತ್ತಲಲ್ಲಿ ಹೊಲದಿಂದ ಮರಳುವ ಎತ್ತು ಅದರಲ್ಲಿ ಕಾಲಿಟ್ಟರೆ ಒಂದು ಮನೆಯ ವರ್ಷದ ಬದುಕೇ ಕುಂಟಾಗಬಹುದು. ನಾವು ನಿಮಿಷದಲ್ಲಿ ದಾಟಿಹೋಗುವ ದಾರಿಯು ಅವರಿಗೆ ನಿತ್ಯದ ದಾರಿ. ತರುಣನು ಧೋತರ ಎತ್ತಿ ಕಟ್ಟುವವನಂತೆ ಪ್ಯಾಂಟನ್ನು ಮಡಿಚಿ ಸಲಿಕೆ ಹಿಡಿದನು. ಅದನ್ನು ಕಂಡು ಅವನ ತಾಯಿಗೂ ಸಮಾಧಾನವಾದಂತೆ ತೋರಿತು.

ಆ ರೈತನು ಮಾಡಿದ ಒಂದೊಂದು ಕೆಲಸಕ್ಕೂ ಶಾಸ್ತ್ರವುಂಟು. ಕಲ್ಲು, ಗರಸು, ತಟ್ಟುಗಳು ಗಾಲಿಯ ಭಾರವನ್ನು ಅಗಲವಾಗಿ ಹಂಚುತ್ತವೆ. ಇದು ಹೂಳುವ ರೋಗಕ್ಕೆ ಮದ್ದು. ಗಾಳಿಯನ್ನು ಇಳಿಸಿದರೂ ಅದೇ ಫಲ. ಮೋಟಾರಿನ ಒಂದು ಗಾಲಿಯು ನೆಲವನ್ನು ಮುಟ್ಟುವುದು ಹೆಚ್ಚುಕಡಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಒಳಗಿನ ಗಾಳಿಯ ಒತ್ತಡ ಇಳಿದಷ್ಟೂ ಟೈರು ಚಪ್ಪಟೆಯಾಗಿ ಈ ಅಂಗೈ ಅಗಲವಾಗುತ್ತದೆ. ೩೨ ಪೌಂಡಿನ ಒತ್ತಡವನ್ನು ೨೦ರ ಸಮೀಪಕ್ಕೆ ತಂದರೆ ಸಂಪರ್ಕದ ಜಾಗವು ಸುಮಾರು ಒಂದೂವರೆಯಷ್ಟಾಗುವುದು. ಆದರೆ ಡಾಂಬರಿಗೆ ಬಂದೊಡನೆ ಗಾಳಿಯನ್ನು ಮತ್ತೆ ತುಂಬಲೇಬೇಕು. ಗಾಳಿ ಕಡಮೆಯಾದ ಟೈರು ವೇಗದಲ್ಲಿ ಕಾದು ಒಡೆಯುವ ಭಯವಿದೆ. ಕೈಪಂಪಾಗಲಿ ಮೋಟಾರಿನ ವಿದ್ಯುತ್ತಿನಿಂದ ನಡೆಯುವ ಸಣ್ಣ ಪಂಪಾಗಲಿ ಇಲ್ಲದವರು ಈ ಉಪಾಯಕ್ಕೆ ಕೈಹಾಕಬಾರದು.

ಇನ್ನು ಸರಪಣಿಯ ಮಾತು. ಇದು ಹಿಮದ ದೇಶಗಳ ವಸ್ತುವೆಂದು ಎಲ್ಲರ ಎಣಿಕೆ; ಆದರೆ ಅದರ ಹುಟ್ಟಿನಲ್ಲಿ ಕೆಸರಿಗೂ ಪಾಲಿದೆ. ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಹ್ಯಾರಿ ವೀಡ್ ಎಂಬಾತನು ೧೯೦೪ರಲ್ಲಿ ಗಾಳಿಟೈರಿಗೆ ಸುತ್ತುವ ಸರಪಣಿಗೆ ಹಕ್ಕುಪತ್ರ ಪಡೆದನು. ಆ ಕಾಲದ ಮೋಟಾರಿಗರು ಕೆಸರಿನಲ್ಲಿಯೂ ಹಿಮದಲ್ಲಿಯೂ ಗಾಲಿ ಜಾರದಿರಲೆಂದು ಹಗ್ಗವನ್ನೂ ಬಳ್ಳಿಯನ್ನೂ ಸುತ್ತುತ್ತಿದ್ದುದನ್ನು ಕಂಡು ಅವನಿಗೆ ಈ ಯೋಚನೆ ಹುಟ್ಟಿತೆಂದು ಹೇಳುವರು. ಸರಪಣಿಯ ಕೊಂಡಿಗಳು ಮೇಲಿನ ಜಾರುಪದರವನ್ನು ಭೇದಿಸಿ ಕೆಳಗಿನ ಗಟ್ಟಿಯನ್ನು ಕಚ್ಚುತ್ತವೆ. ಕೆಳಗೆ ಗಟ್ಟಿಯಾದುದು ಇದ್ದರೆ ಮಾತ್ರ ಈ ವಿದ್ಯೆ ಫಲಿಸುತ್ತದೆ. ಹಿಮದ ಕೆಳಗೆ ಸಾಮಾನ್ಯವಾಗಿ ಗಟ್ಟಿರಸ್ತೆಯಿರುತ್ತದೆ. ಮಂಜುಗಡ್ಡೆಯಂತೂ ತಾನೇ ಗಟ್ಟಿ. ಆಳವಾಗಿ ನೆನೆದ ಎರೆಯ ಕೆಳಗೆ ಕಚ್ಚುವುದಕ್ಕೆ ಏನೂ ಇಲ್ಲ; ಅಲ್ಲಿ ಸರಪಣಿ ಸುತ್ತಿದ ಗಾಲಿಯು ಗುದ್ದಲಿಯಾಗಿ, ಬರಿಯ ಗಾಲಿಗಿಂತ ಬೇಗನೆ ತನ್ನ ಹೊಂಡವನ್ನು ತೋಡುವುದು.

ಗಂಗಾವತಿ ಸೀಮೆಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕೇಜ್‌ವೀಲ್ ಎಂಬ ಕಬ್ಬಿಣದ ಪಂಜರದ ಗಾಲಿಯನ್ನು ಕಂಡವರು, ಅದೂ ಸರಪಣಿಯೂ ಒಂದೇ ಜಾತಿಯೆನ್ನಬಹುದು. ಅದು ಹಾಗಲ್ಲ. ಕೇಜ್‌ವೀಲ್ ಅಗಲವಾಗಿರುವುದರಿಂದ ಭಾರವನ್ನೂ ಹಂಚುತ್ತದೆ, ಅಡ್ಡಪಟ್ಟಿಗಳಿಂದ ಕೆಸರನ್ನೂ ತಳ್ಳುತ್ತದೆ. ಎರಡು ರೋಗಕ್ಕೂ ಮದ್ದಾಗುತ್ತದೆ. ಆದರೆ ಅದನ್ನು ಹಾಗೆಯೇ ಡಾಂಬರಿನಮೇಲೆ ಓಡಿಸಿದರೆ ರಸ್ತೆಯೆಲ್ಲ ಕಿತ್ತುಹೋಗುತ್ತದೆ. ಸರಪಣಿಯೂ ಬರಿರಸ್ತೆಯಲ್ಲಿ ರಸ್ತೆಯನ್ನು ಕೆಡಿಸಿ ತಾನೂ ಸವೆದು ತುಂಡಾಗುತ್ತದೆ. ತುಂಡಾದ ಕೊಂಡಿಯು ಗಾಲಿಯ ಮೇಲಿನ ತಗಡನ್ನೂ ಬ್ರೇಕಿನ ಕೊಳವೆಯನ್ನೂ ಹರಿಯಬಲ್ಲದು.

ನಮ್ಮವರು ಸರಪಣಿಯನ್ನು ನಿಜವಾಗಿ ಬಳಸಬೇಕಾದ ಸ್ಥಳಗಳಿವೆ. ಚಳಿಗಾಲದ ರಜೆಯಲ್ಲಿ ಕರ್ನಾಟಕದ ಎಷ್ಟೋ ಕುಟುಂಬಗಳು ಮನಾಲಿಗೆ ಹೋಗುತ್ತವೆ. ೨೦೨೦ರಲ್ಲಿ ೯ ಕಿಲೋಮೀಟರು ಉದ್ದದ ಅಟಲ್ ಸುರಂಗವು ತೆರೆದಮೇಲೆ, ೩,೯೭೮ ಮೀಟರು ಎತ್ತರದ ರೋಹ್ತಾಂಗ ಕಣಿವೆಯನ್ನು ಹತ್ತದೆಯೇ ಆಚೆಯ ಲಾಹೌಲವನ್ನು ಸೇರಬಹುದಾಗಿದೆ. ಹಿಮ ಬಿದ್ದ ದಿನ ನಾಲ್ಕು ಗಾಲಿಯ ಎಳೆತವಾಗಲಿ ಸರಪಣಿಯಾಗಲಿ ಇಲ್ಲದ ಮೋಟಾರುಗಳನ್ನು ಪೊಲೀಸರು ಅಲ್ಲಿ ತಡೆಯುವುದುಂಟು. ಕ್ಯಾಲಿಫೋರ್ನಿಯಾದಲ್ಲಿ ನೆಲಸಿರುವ ಕನ್ನಡ ಕುಟುಂಬಗಳು ಹಿಮ ನೋಡಲು ತಾಹೋ ಸರೋವರಕ್ಕೆ ಹೋಗುವಾಗಲೂ ಇದೇ ಪ್ರಸಂಗ. ಅಲ್ಲಿಯ ಬೆಟ್ಟದ ರಸ್ತೆಗಳಲ್ಲಿ ಮೂರು ಮಟ್ಟದ ಆಜ್ಞೆಗಳಿವೆ. ಮೊದಲನೆಯದರಲ್ಲಿ ಹಿಮದ ಟೈರು ಇದ್ದರೆ ಸಾಕು, ಇಲ್ಲದಿದ್ದರೆ ಸರಪಣಿ ಬೇಕು. ಎರಡನೆಯದರಲ್ಲಿ ನಾಲ್ಕು ಗಾಲಿಯ ಎಳೆತವೂ ನಾಲ್ಕರಲ್ಲಿಯೂ ಹಿಮದ ಟೈರೂ ಇದ್ದವರಿಗೆ ಮಾತ್ರ ವಿನಾಯಿತಿ. ಮೂರನೆಯದರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಸಂಖ್ಯೆಗಳಿಂದ ಹೇಳುವುದಾದರೆ, ಒಣ ಡಾಂಬರಿನಲ್ಲಿ ರಬ್ಬರಿನ ಹಿಡಿತವನ್ನು ಎಂಟಾಣೆಯೆಂದು ಎಣಿಸಿದರೆ ಒತ್ತಿದ ಹಿಮದಲ್ಲಿ ಅದು ಎರಡಾಣೆಗೂ ಮಂಜುಗಡ್ಡೆಯಲ್ಲಿ ಒಂದಾಣೆಗೂ ಇಳಿಯುತ್ತದೆ.

ಅಲ್ಲಿಗೆ ಹೋಗುವವರು ಆರಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಮೊದಲು ಟೈರಿನ ಬದಿಯಲ್ಲಿ ಅಚ್ಚೊತ್ತಿದ ಅಳತೆಯನ್ನು ಬರೆದುಕೊಂಡು ಅದಕ್ಕೆ ಸರಿಹೊಂದುವ ಸರಪಣಿಯನ್ನೇ ತರಬೇಕು, ಸಡಿಲವಾದುದು ಅಪಾಯಕರ. ಮೋಟಾರಿನ ಕೈಪಿಡಿಯನ್ನು ನೋಡಬೇಕು. ಗಾಲಿಗೂ ತಗಡಿಗೂ ನಡುವೆ ಜಾಗ ಸಾಲದ ಮೋಟಾರುಗಳಿಗೆ ಸರಪಣಿ ಕೂಡದೆಂದು ಅದರಲ್ಲಿಯೇ ಬರೆದಿರುತ್ತದೆ. ಎಂಜಿನು ಯಾವ ಗಾಲಿಗಳನ್ನು ತಿರುಗಿಸುವುದೋ ಅವುಗಳಿಗೆ ಕಟ್ಟಬೇಕು; ಈಗಿನ ಸಣ್ಣ ಮೋಟಾರುಗಳಲ್ಲಿ ಬಹುಮಟ್ಟಿಗೆ ಅವು ಮುಂದಿನವು. ಏಣಿಯಂತೆ ಅಡ್ಡಸಾಲುಗಳಿರುವ ಸರಪಣಿ ಅಗ್ಗ, ನೇರವಾಗಿ ಎಳೆಯಲು ಒಳ್ಳೆಯದು. ವಜ್ರಾಕೃತಿಯ ಜಾಲದ್ದು ಬೆಲೆ ಹೆಚ್ಚಾದರೂ ಅಡ್ಡಜಾರುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಕುಲುಕಾಟವೂ ಕಡಮೆ. ಗಾಲಿಗೆ ತೊಡಿಸುವ ಬಟ್ಟೆಯ ಚೀಲಗಳೂ ದೊರೆಯುತ್ತವೆ. ಅವು ಹಗುರ, ಹಾಕುವುದು ಸುಲಭ. ಆದರೆ ಹಿಮವಿಲ್ಲದ ರಸ್ತೆಯಲ್ಲಿ ಬೇಗನೆ ಹರಿದುಹೋಗುವುವು. ಯಾವುದನ್ನು ಕೊಂಡರೂ ಮನೆಯಂಗಳದಲ್ಲಿ ಹಗಲು ಹೊತ್ತಿನಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಬೇಕು. ಬೆರಳು ಮರಗಟ್ಟುವ ಚಳಿಯಲ್ಲಿ, ದೀಪವಿಲ್ಲದ ಬೆಟ್ಟದ ತಿರುವಿನಲ್ಲಿ ಮೊದಲ ಪಾಠ ಕಲಿಯುವುದು ಯಾರಿಗೂ ಬೇಡ. ಕಟ್ಟಿ ಸ್ವಲ್ಪ ದೂರ ಹೋದಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ತಯಾರಕರು ಸಾಮಾನ್ಯವಾಗಿ ಹೇಳುವಂತೆ ಗಂಟೆಗೆ ೫೦ ಕಿಲೋಮೀಟರನ್ನು ಮೀರಬಾರದು. ವರ್ಷಕ್ಕೊಂದು ದಿನದ ವಿನೋದಕ್ಕಾದರೆ, ಸ್ಥಳೀಯ ಚಾಲಕನನ್ನೂ ಅವನ ವಾಹನವನ್ನೂ ಗೊತ್ತುಮಾಡಿಕೊಂಡು ಹೋಗುವುದೇ ಮಿತವ್ಯಯ.

ನಮ್ಮ ಎರೆಸೀಮೆಗೆ ಬರುವವರಿಗೆ ಸರಪಣಿ ಬೇಡವೆಂದೇ ನಮ್ಮ ಅಭಿಪ್ರಾಯ. ಮೇಲೆ ಮಾತ್ರ ಜಾರುವ ದಿನಗಳಲ್ಲಿ ಅದು ಉಪಯೋಗಕ್ಕೆ ಬರಬಹುದು. ಆದರೆ ಅಂತಹ ಜಾರು ಅರ್ಧ ದಿನದ ಬಿಸಿಲಿಗೆ ತಾನಾಗಿ ಹೋಗುತ್ತದೆ. ಹೂಳುವ ದಿನಗಳಲ್ಲಿ ಅದು ಅಪಕಾರಿ. ಅದರ ಬದಲು ಮೋಟಾರಿನ ಹಿಂಬದಿಯಲ್ಲಿ ಒಂದು ಗಿಡ್ಡ ಹಿಡಿಯ ಸಲಿಕೆ, ಎರಡು ಮೊಳದ ಎರಡು ದಪ್ಪ ಹಲಗೆ, ನಾಲ್ಕು ಗೋಣಿತಟ್ಟು, ಗಟ್ಟಿಯಾದ ಒಂದು ಹಗ್ಗ, ಗಾಳಿಯನ್ನು ಅಳೆಯುವ ಮತ್ತು ತುಂಬುವ ಸಾಧನ—ಇಷ್ಟಿದ್ದರೆ ಸಾಕು. ಹಲಗೆಯ ಬದಲಿಗೆ ಹಲ್ಲುಗಳಿರುವ ಪ್ಲಾಸ್ಟಿಕ್ಕಿನ ಹಾಸುಗಳು ಅಂಗಡಿಯಲ್ಲಿ ಸಿಕ್ಕುತ್ತವೆ. ಹಗುರವೆಂಬುದು ಅವುಗಳ ಗುಣ, ಸುತ್ತುವ ಗಾಲಿಯ ಬಿಸಿಗೆ ಹಲ್ಲುಗಳು ಕರಗುವುದು ದೋಷ. ಇವುಗಳನ್ನು ಬಳಸುವಾಗ ಹೆಂಗಸರು ಮಕ್ಕಳು ವೃದ್ಧರೆಲ್ಲ ಇಳಿದು ಬದಿಗೆ ದೂರ ನಿಲ್ಲಬೇಕು. ಗಾಲಿ ಹಲಗೆಯನ್ನು ಹಿಡಿಯದೆ ಹಿಂದಕ್ಕೆ ಎಸೆದರೆ ಅದು ಒನಕೆಯ ಪೆಟ್ಟಿಗೆ ಕಡಮೆಯಿಲ್ಲ. ಹಗ್ಗದಿಂದ ಎಳೆಯುವಾಗ ಹಗ್ಗದ ನೇರದಲ್ಲಿ ಯಾರೂ ನಿಲ್ಲಕೂಡದು. ತಿರುಗುವ ಗಾಲಿಯ ಕೆಳಗೆ ಕೈಯಿಂದ ಕಲ್ಲು ಕೊಡುವ ಸಾಹಸವನ್ನಂತೂ ಕನಸಿನಲ್ಲಿಯೂ ಮಾಡಬಾರದು.

ಸಂಗಮದಲ್ಲಿ ವಿಶೇಷವಾಗಿ ಎಚ್ಚರಿಕೆಯಿಂದಿರಬೇಕಾದ ಒಂದು ಸ್ಥಳವುಂಟು. ಅದು ನೀರಿನ ಅಂಚು. ಮೇಲುಗಡೆ ಕೃಷ್ಣೆಗೆ ಆಲಮಟ್ಟಿಯ ಅಣೆಕಟ್ಟು. ಲಾಲಬಹಾದ್ದೂರ ಶಾಸ್ತ್ರಿಗಳು ೧೯೬೪ರಲ್ಲಿ ಅದಕ್ಕೆ ಅಡಿಗಲ್ಲನ್ನಿಟ್ಟರು. ಕೆಳಗಡೆ ನಾರಾಯಣಪುರದ ಬಸವಸಾಗರ. ಅದರ ಪೂರ್ಣಮಟ್ಟ ೪೯೨.೨೫ ಮೀಟರು, ಅದರ ಹಿನ್ನೀರೇ ಕ್ಷೇತ್ರದವರೆಗೆ ಹರಡಿ ನಿಲ್ಲುತ್ತದೆ. ಈ ಎರಡರ ನಡುವೆ ಇರುವುದರಿಂದ ಇಲ್ಲಿಯ ನೀರು ಋತುವಿನಂತೆ ಏರುತ್ತದೆ, ಇಳಿಯುತ್ತದೆ. ಮಲಪ್ರಭೆಯು ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಉಕ್ಕಿ ಎಷ್ಟೋ ಊರುಗಳನ್ನು ನೀರಿನಲ್ಲಿ ನಿಲ್ಲಿಸಿದುದು ಈ ಸೀಮೆಯವರಿಗೆ ಮರೆತಿಲ್ಲ. ನೀರು ಇಳಿದಮೇಲೆ ಅಂಚಿನಲ್ಲಿ ನದಿಯ ರೇವೆಯು ಉಳಿಯುತ್ತದೆ. ಅದರ ಮೇಲ್ಪದರವು ಬಿಸಿಲಿಗೆ ಒಣಗಿ ಬೆಳ್ಳಗೆ ಬಿರಿದು, ನಡೆದಾಡುವವನ ಭಾರವನ್ನು ತಾಳುತ್ತದೆ. ಕೆಳಗೆ ಮಾತ್ರ ಹಸಿಯೇ. ಮನುಷ್ಯನನ್ನು ಹೊತ್ತ ನೆಲವು ಮೋಟಾರನ್ನು ಹೊರದೆ ಒಮ್ಮೆಗೇ ಒಡೆಯುವುದು. ಮಕರ ಸಂಕ್ರಾಂತಿಯ ಸ್ನಾನಕ್ಕೆ ಜನ ಕೂಡಿದಾಗ, ವೃದ್ಧರು ನಡೆಯಲಾರರೆಂದು ವಾಹನವನ್ನು ನೀರಿನವರೆಗೆ ಇಳಿಸುವ ಆಸೆ ಕೆಲವರಿಗೆ ಹುಟ್ಟುತ್ತದೆ. ಅದು ಬೇಡ. ವೃದ್ಧರನ್ನು ಕೈಹಿಡಿದು ಮೆಟ್ಟಿಲುಗಳ ಕಡೆಯಿಂದ ಇಳಿಸಿರಿ. ಆಗದಿದ್ದರೆ ಒಂದು ತಂಬಿಗೆ ನೀರನ್ನು ಮೇಲೆ ತಂದು ಪ್ರೋಕ್ಷಿಸಿರಿ. ಸಂಗಮದ ಪುಣ್ಯವು ಅದರಿಂದ ಕಡಮೆಯಾಗದು.

ಸಂಸ್ಕೃತದಲ್ಲಿ ಪಂಕಪ್ರಕ್ಷಾಲನನ್ಯಾಯವೆಂಬುದೊಂದುಂಟು. ಕೆಸರನ್ನು ತುಳಿದು ತೊಳೆದುಕೊಳ್ಳುವುದಕ್ಕಿಂತ ತುಳಿಯದೆ ದೂರವಿರುವುದು ಲೇಸೆಂಬುದು ಅದರ ತಾತ್ಪರ್ಯ. ಶಾಸ್ತ್ರಕಾರರು ಇದನ್ನು ಬೇರೆ ಬೇರೆ ವಾದಗಳಿಗೆ ಬಳಸಿದರೂ, ಎರೆಸೀಮೆಯಲ್ಲಿ ಇದನ್ನು ಅಕ್ಷರಶಃ ಪಾಲಿಸಬಹುದು. ಮಳೆ ನಿಂತ ದಿನವೇ ಹೊಲದಾರಿಗೆ ಇಳಿಯದೆ, ಕ್ಷೇತ್ರದಲ್ಲಿ ಒಂದು ರಾತ್ರಿ ತಂಗಿದರೆ ನಷ್ಟವೇನು? ಯಾತ್ರಿಕರ ವಸತಿಗೆ ಅಲ್ಲಿ ಅನುಕೂಲವಿದೆ. ಎರಡು ದಿನದ ಒಳ್ಳೆಯ ಬಿಸಿಲು ಬಿದ್ದರೆ ಯಾವ ಸರಪಣಿಯೂ ಕೊಡಲಾರದ ಹಿಡಿತವನ್ನು ಸೂರ್ಯನು ಪುಕ್ಕಟೆಯಾಗಿ ಕೊಡುತ್ತಾನೆ. ತುರ್ತಾಗಿ ಹೋಗಲೇಬೇಕಾದರೆ ಮೋಟಾರನ್ನು ಡಾಂಬರಿನ ಪಕ್ಕದ ಗಟ್ಟಿಜಾಗದಲ್ಲಿ ನಿಲ್ಲಿಸಿ, ಹಳ್ಳಿಯವರಿಗೆ ಫೋನು ಮಾಡಿ ಚಕ್ಕಡಿಯನ್ನೋ ಟ್ರ್ಯಾಕ್ಟರನ್ನೋ ತರಿಸಿಕೊಳ್ಳಬಹುದು. ಮಕ್ಕಳಿಗಂತೂ ಚಕ್ಕಡಿಯ ಪಯಣವೇ ಯಾತ್ರೆಯ ಪರಮಾನಂದವಾಗುವುದು.

ಪುಷ್ಯಮಾಸದ ಹೊತ್ತಿಗೆ ಮಳೆಯ ಮಾತು ಬಹುಮಟ್ಟಿಗೆ ಮುಗಿದಿರುತ್ತದೆ. ಬಂಗಾಳಕೊಲ್ಲಿಯ ಬಿರುಗಾಳಿಯು ಅಪರೂಪಕ್ಕೆ ಅಕಾಲದ ಮೋಡವನ್ನು ತಂದರೂ ಅದು ಒಂದೆರಡು ದಿನದ್ದು. ಹೊಲದಲ್ಲಿ ಜೋಳವು ತೆನೆ ಕಟ್ಟಿ ನಿಂತಿರುವುದು. ಕಡಲೆಯ ಗಿಡದಮೇಲೆ ಬೆಳಗಿನ ಇಬ್ಬನಿ ಹುಳಿಯಾಗಿರುವುದು. ದಾರಿಯು ಮೆಟ್ಟಿದರೆ ಸದ್ದಾಗುವಷ್ಟು ಗಟ್ಟಿಯಾಗಿರುವುದು. ಆ ಕಾಲದಲ್ಲಿ ಬರುವವರಿಗೆ ಹಲಗೆಯೂ ಬೇಡ, ತಟ್ಟೂ ಬೇಡ. ಆದರೂ ಸಲಿಕೆಯೊಂದನ್ನು ಮೋಟಾರಿನಲ್ಲಿ ಇಟ್ಟುಕೊಂಡೇ ಬನ್ನಿರಿ. ಮಳೆಗಾಲದಲ್ಲಿ ಯಾರೋ ತೋಡಿ ಮುಚ್ಚದೆ ಬಿಟ್ಟುಹೋದ ಹೊಂಡವು ದಾರಿಯಲ್ಲಿ ಕಂಡರೆ, ಇಳಿದು ನಾಲ್ಕು ಸಲಿಕೆ ಮಣ್ಣು ಹಾಕಿ ಮುಂದೆ ಹೋಗಬಹುದು.